ದೇವಿ ಅಮರಪ್ಪನ ಫಟಫಟಿ

ಕೊಪ್ಪಳದಲ್ಲಿ ಆಗ ಅಮರಪ್ಪ ಎಂದು ವಿಚಾರಿಸಿದರೆ ಯಾವ ಅಮರಪ್ಪ ಎಂದು ತಿರುಗಿ ಕೇಳುತ್ತಿದ್ದರು. ದೇವಿ ಅಮರಪ್ಪ ಎಂದರೆ ಮಾತ್ರ ಎಲ್ಲರಿಗೂ ಗೊತ್ತು, ಸಣ್ಣ ಮಕ್ಕಳಿಗಂತೂ ತುಸು ಹೆಚ್ಚೇ ಗೊತ್ತು. ಸಿಡುಬು ಬರಬಾರದೆಂದು ತೋಳಿನ ಮೇಲೆ ಗೀರಿ ಔಷಧ ಹಚ್ಚುವುದಕ್ಕೆ ನಮ್ಮ ಕಡೆ ದೇವಿ ಹಾಕುವುದು ಎನ್ನುತ್ತಾರೆ. ಆ ಕೆಲಸದ ಸರಕಾರಿ ನೌಕರ ಇವನು. ನಿಜಾಮ ಸರಕಾರದ ಪಗಾರ, ತಲೆಗೊಂದು ರುಮಾಲು, ಹಳ್ಳಿ ತಿರುಗಲು ಒಂದು ಕಂದು ಬಣ್ಣದ ತಟ್ಟು. ತಟ್ಟು ಅಂದರೆ ಕುದುರೆಯ ಜಾತಿಯೇ, ಆದರೆ ಅದನ್ನು ಕುದುರೆ ಎಂದು ಕರೆದರೆ ಉಳಿದ ಕುದುರೆಗಳು ಸಿಟ್ಟಾದಾವು. ಯಲಬುರ್ಗಾ ಮುಟ್ಟಲು ಅದಕ್ಕೆ ಎರಡು ದಿನ ಬೇಕು. ಅದರಾಚೆ ಕುಷ್ಟಗಿ ಸೀಮೆಗೆ ಹೋಗುವುದಿದ್ದರೆ ಮೂರು ದಿನ, ಅದೂ ಅದರ ಮನಸ್ಸು ಚೆನ್ನಾಗಿದ್ದರೆ.

ಇಂಥ ಅಮರಪ್ಪ ನಲವತ್ತಾರನೆಯ ಇಸವಿಯಲ್ಲಿ, ತನ್ನ ನಲವತ್ತನಾಲ್ಕನೆಯ ವಯಸ್ಸಿಗೆ, ಮೀಸೆ ಅರ್ಧ ಬೆಳ್ಳಗಾದ ಮೇಲೆ ಮೋಟಾರ್ ಸೈಕಲ್ ಕೊಂಡ. ದೊಡ್ಡ ಯುದ್ಧ ಮುಗಿದು, ಮಿಲ್ಟ್ರಿಯವರು ತಮ್ಮ ಹಳೆಯ ಗಾಡಿಗಳನ್ನು ಸಿಕಂದರಾಬಾದಿನಲ್ಲಿ ಲಿಲಾವಿಗೆ, ಅಂದರೆ ಹರಾಜಿಗೆ, ಹಾಕಿದ್ದರು. ಕೊಪ್ಪಳದಲ್ಲಿ ಬಸ್ಸು ರಿಪೇರಿ ಮಾಡುತ್ತಿದ್ದ ಹಾಜಿಸಾಬ ಅಲ್ಲಿಗೆ ಹೋಗಿ ಹಸಿರು ಬಣ್ಣದ ಒಂದನ್ನು ಹಿಡಿದು, ಗೂಡ್ಸ್ ರೈಲಿಗೆ ಹಾಕಿಸಿ ತಂದುಕೊಟ್ಟ. ಸ್ಟೇಶನ್ನಿನಿಂದ ಮನೆಯ ತನಕ ಇಬ್ಬರೂ ಅದನ್ನು ನೂಕಿಕೊಂಡೇ ಬಂದರು. ಯಾಕೆಂದರೆ ಪೆಟ್ರೋಲಿಗೆ ಚೀಟಿ ಬೇಕು, ಚೀಟಿಗೆ ತಹಶೀಲ್ ಕಚೇರಿಯ ಸಹಿ ಬೇಕು, ಸಹಿ ಮಾಡುವವರು ಹಳ್ಳಿ ತಿರುಗಲು ದೌರೆಯ ಮೇಲೆ ಹೋಗಿದ್ದರು.

"ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ ಇದೇನ ಶೋಕಿ ಹಚ್ಚಿಗೊಂಡ್ಯೋ ಮಾರಾಯಾ?" ಎಂದು ಓಣಿಯ ಮಂದಿ ಕಟ್ಟೆಯ ಮೇಲೆ ಕೂತು ಕೇಳಿದರು. ಅಮರಪ್ಪ ನಕ್ಕುಬಿಟ್ಟ. ಶೋಕಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದರ ದೀಪವನ್ನು ದಿನಕ್ಕೆ ಎರಡು ಸಲ ಒರೆಸುತ್ತಿದ್ದ, ಯಾರೂ ಇಲ್ಲದಾಗ ಅದರ ಮೇಲೆ ಕೂತು ಕನ್ನಡಿ ನೋಡಿಕೊಳ್ಳುತ್ತಿದ್ದ. ಆದರೆ ಹದಿನೈದು ವರ್ಷ ಅದನ್ನೇ ಬಯಸಿದ್ದಕ್ಕೆ ಬೇರೊಂದು ಕಾರಣ ಇತ್ತು. ಅದನ್ನು ಕಟ್ಟೆಯ ಮೇಲೆ ಕೂತವರಿಗೆ ಹೇಳುವಂತಿರಲಿಲ್ಲ.

ದೇವಿ ಔಷಧ ಹೈದರಾಬಾದಿನಿಂದ ರೈಲಿನಲ್ಲಿ ಬರುತ್ತಿತ್ತು, ಕಡ್ಡಿಯಷ್ಟು ಸಪೂರ ಗಾಜಿನ ಕೊಳವೆಗಳಲ್ಲಿ. ಅದನ್ನು ತಂಪಿನಲ್ಲಿ ಇಡಬೇಕೆಂದು ಕಾಯ್ದೆ. ಅಮರಪ್ಪನ ಹೆಂಡತಿ ಶೇಖರಮ್ಮ ಒಂದು ಮಣ್ಣಿನ ಮಗಿಯಲ್ಲಿ ಹಳ್ಳದ ಮರಳು ತುಂಬಿ, ನೀರು ಹನಿಸಿ, ಕೊಳವೆಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಅದರೊಳಗೆ ಹುಗಿದು ಕೊಡುತ್ತಿದ್ದಳು. ಗಂಡ ದೌರೆಗೆ ಹೊರಡುವ ದಿನ ಅವಳ ಮೊದಲ ಕೆಲಸ ಅದು, ರೊಟ್ಟಿ ಬುತ್ತಿ ಆಮೇಲೆ. "ನೀರ ಸಿಕ್ಕಲ್ಲೆಲ್ಲಾ ಹನಸ್ರಿ ಮತ್ತ," ಎಂದು ಪ್ರತಿ ಸಲವೂ ಹೇಳುವಳು. ಹನಿಸಬಹುದಿತ್ತು. ಆದರೆ ಬೇಸಿಗೆಯಲ್ಲಿ ಯಲಬುರ್ಗಾದ ಎರೆ ಸೀಮೆಯಲ್ಲಿ ನೀರು ಸಿಗಬೇಕಲ್ಲ!

ಮೂವತ್ತನೆಯ ಇಸವಿಯ ಬೇಸಿಗೆಯಲ್ಲಿ ಹಾಗೇ ಆಯಿತು. ಯಲಬುರ್ಗಾದಾಚೆ ಚಿಕ್ಕಬನ್ನಿಹಾಳ ಎಂಬ ಊರಿಗೆ ಹೊರಟಿದ್ದ. ದಾರಿಯಲ್ಲಿ ತಟ್ಟು ಕುಂಟಿತು, ಒಂದು ದಿನ ಹೆಚ್ಚಾಯಿತು. ಊರು ಮುಟ್ಟಿ ಮಗಿಯಲ್ಲಿ ಕೈ ಹಾಕಿದರೆ ಮರಳು ಒಣಗಿ ಬಿಸಿಯಾಗಿತ್ತು. ಇಷ್ಟು ದೂರ ಬಂದಾಯಿತು ಎಂದು ಊರ ಮಕ್ಕಳಿಗೆಲ್ಲ ಅದನ್ನೇ ಹಾಕಿದ. ದೇವಿ ಹಿಡಿದರೆ ಎಂಟನೆಯ ದಿನಕ್ಕೆ ತೋಳಿನ ಮೇಲೆ ಗುಳ್ಳೆ ಏಳಬೇಕು. ಎಂಟನೆಯ ದಿನ ನೋಡಿದರೆ ಒಬ್ಬರಿಗೂ ಎದ್ದಿರಲಿಲ್ಲ. ಇಂಥ ಹೊತ್ತಿನಲ್ಲಿ ಹೇಳಲು ಹಳೆಯ ನೌಕರರು ಒಂದು ಮಾತು ಕಲಿಸಿಟ್ಟಿದ್ದರು. ಆಗ ಇಪ್ಪತ್ತೆಂಟರ ಹುಡುಗ ಅಮರಪ್ಪ ಅದನ್ನೇ ಹೇಳಿದ.

"ನೀವು ಪಥ್ಯಾ ಹಿಡಿದಿಲ್ಲ. ಮನ್ಯಾಗ ಒಗ್ಗರಣಿ ಹಾಕೀರಿ. ಸಾಸಿವಿ ಸಿಡಿಯೂ ಮನ್ಯಾಗ ದೇವಿ ನಿಂದರತಾಳೇನು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಎರಡು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಯಂಕವ್ವ ಎಂಬ ಎಳೆಯ ಹೆಣ್ಣುಮಗಳು ಮೆಲ್ಲಗೆ ಬಾಯಿ ಬಿಟ್ಟಳು.

"ನಾ ಒಂದ ದಿನ ಹಾಕೀನ್ರಿ ಸಾಹೇಬ್ರ. ನಮ್ಮವರು ಹೊಲದಿಂದ ಹಸಗೊಂಡ ಬಂದಿದ್ರು."

"ನೋಡಿದ್ಯಾ ಮತ್ತ?" ಎಂದ ಅಮರಪ್ಪ. ಹಾಗೆ ಅಂದದ್ದೇ ಅವನಿಗೆ ಎದೆ ಹಗುರಾಯಿತು. ತಪ್ಪು ಯಾರದೆಂದು ಊರಿಗೆಲ್ಲ ತಿಳಿದಂತಾಯಿತಲ್ಲ.

ಮಳೆ ಹಿಡಿಯುವ ಮುಂಚೆ ಆ ಊರಿಗೆ ಸಿಡುಬು ಬಂತು. ಐದು ಮಕ್ಕಳು ಹೋದವು. ಯಂಕವ್ವನ ಮಗಳು ಪಂಪಮ್ಮ ಅದರಲ್ಲಿ ಒಬ್ಬಳು. ಮರುವರ್ಷ ಅಮರಪ್ಪನನ್ನು ತರಬೇತಿಗೆ ಹೈದರಾಬಾದಿಗೆ ಕರೆಸಿದರು. ಅಲ್ಲಿಯ ದೊಡ್ಡ ಡಾಕ್ಟರು, ಒಗ್ಗರಣೆಗೂ ಇದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ, ಔಷಧ ಕಾದರೆ ಸಾಯುತ್ತದೆ, ಅಷ್ಟೇ ಎಂದು, ಎಷ್ಟು ಬಿಸಿಗೆ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಹಲಗೆಯ ಮೇಲೆ ಬರೆದು ತೋರಿಸಿದರು. ಅಮರಪ್ಪನಿಗೆ ಚಿಕ್ಕಬನ್ನಿಹಾಳದಲ್ಲಿ ಕೈಗೆ ಹತ್ತಿದ ಒಣ ಮರಳು ನೆನಪಾಯಿತು. ಸಂಜೆ ಬೀದಿಗೆ ಬಂದು ನಿಂತಾಗ ಒಬ್ಬ ಪೊಲೀಸ್ ಸಾಹೇಬ ಮೋಟಾರ್ ಸೈಕಲ್ಲಿನ ಮೇಲೆ ಹಾದುಹೋದ. ನಲವತ್ತು ಮೈಲಿಗೆ ಅದು ಎಷ್ಟು ಹೊತ್ತು ತಗೊಳ್ಳುತ್ತದೆ ಎಂದು ಪಕ್ಕದ ಪಾನ್ ಅಂಗಡಿಯವನನ್ನು ಕೇಳಿದ. ಎರಡು ತಾಸು ಎಂದ ಅವನು. ಅಂದಿನಿಂದ ಹಿಡಿದದ್ದು ಆ ಹುಚ್ಚು.

ಚಿಕ್ಕಬನ್ನಿಹಾಳದವರು ಮಾತ್ರ ಅಂದಿನಿಂದ ಅವನಿಗೆ ತೋಳು ಕೊಡಲಿಲ್ಲ. ದೂರದಲ್ಲಿ ತಟ್ಟು ಕಂಡರೆ ಸಾಕು, ಜೋಳ ತುಂಬಿಡುವ ನೆಲದೊಳಗಿನ ಹಗೇವುಗಳು ಇರುತ್ತವಲ್ಲ, ಖಾಲಿ ಇದ್ದ ಹಗೇವಿನಲ್ಲಿ ಮಕ್ಕಳನ್ನು ಇಳಿಸಿ ಮುಚ್ಚಿಬಿಡುತ್ತಿದ್ದರು. ಅಮರಪ್ಪ ಬೇವಿನ ಮರದ ಕೆಳಗೆ ಒಂದು ಗಳಿಗೆ ಕೂತು, ಮಕ್ಕಳು ಸಿಗಲಿಲ್ಲ ಎಂದು ಬರೆದುಕೊಂಡು ತಿರುಗಿ ಬರುತ್ತಿದ್ದ. ಯಂಕವ್ವನ ಮುಖ ನೋಡುವುದು ತಪ್ಪಿತು ಎಂದು ಒಳಗೊಳಗೇ ಸಮಾಧಾನವೂ ಆಗುತ್ತಿತ್ತು. ಅದಕ್ಕಾಗಿ ತನ್ನ ಮೇಲೆ ತನಗೇ ಹೇಸಿಕೆಯೂ ಆಗುತ್ತಿತ್ತು.

ಇರಲಿ. ಗಾಡಿ ಬಂತು, ಚೀಟಿಯೂ ಸಿಕ್ಕಿತು. ಕಲಿಸುವ ಕೆಲಸ ಹಾಜಿಸಾಬನ ಪಾಲಿಗೆ. ಇಪ್ಪತ್ತು ವರ್ಷ ತಟ್ಟು ಹತ್ತಿದ ಅಮರಪ್ಪ, ಎಮ್ಮೆ ಅಡ್ಡ ಬಂದರೆ ಹ್ಯಾಂಡಲ್ಲನ್ನು ಲಗಾಮಿನಂತೆ ಎದೆಗೆ ಜಗ್ಗಿ "ಹೋ... ಹೋ..." ಎನ್ನುತ್ತಿದ್ದ.

"ಅಮರಪ್ಪಣ್ಣಾ, ಹೋ ಅಂದ್ರ ಅದಕ್ಕೇನ್ ತಿಳೀತೈತ್ರೀ? ಬಿರಿಕಿ ಹಿಡೀರಿ, ಬಿರಿಕಿ!" ಎಂದು ಹಾಜಿಸಾಬ ಹಿಂದೆ ಓಡುವನು. ಹತ್ತು ದಿನದಲ್ಲಿ ಎರಡು ಬೇಲಿ, ಒಂದು ತಿಪ್ಪೆ ಮುಗಿಸಿ ಅಮರಪ್ಪ ಗಾಡಿ ಕಲಿತ. ಕೊನೆಗೆ ಹಾಜಿಸಾಬ ಔಷಧಕ್ಕೆಂದು ತಗಡಿನ ಒಂದು ಡಬ್ಬಿ ಮಾಡಿ, ಹಸಿರು ಬಣ್ಣ ಬಳಿದು, ಸೀಟಿನ ಹಿಂದೆ ಹೊಗೆ ಕೊಳವೆಯ ನೆತ್ತಿಗೆ ಅಲುಗದಂತೆ ಕೂರಿಸಿಕೊಟ್ಟ. ಡಬ್ಬಿಯ ಅಂದಕ್ಕೆ ಅಮರಪ್ಪ ಮಾರುಹೋದ.

ಹೊರಡುವ ದಿನ ಶೇಖರಮ್ಮ ವಾಡಿಕೆಯಂತೆ ಮಗಿ ತುಂಬಿ ತಂದಳು.

"ಅದ ಬ್ಯಾಡ ಈಗ. ಈ ಧಡಕಿಗೆ ಮಗಿ ಉಳೀತೈತೇನು?" ಎಂದ ಅಮರಪ್ಪ. "ಮೂರ ತಾಸಿನ ಹಾದಿ. ಒದ್ದಿ ಅರಿವ್ಯಾಗ ಸುತ್ತಿ ಡಬ್ಬ್ಯಾಗ ಇಟ್ರ ಸಾಕು."

ಶೇಖರಮ್ಮ ಡಬ್ಬಿಯಲ್ಲಿ ಕೊಳವೆಗಳನ್ನಿಟ್ಟು, ಪಕ್ಕದಲ್ಲಿ ರೊಟ್ಟಿ ಬೆಣ್ಣೆ ಬುತ್ತಿ ಇಟ್ಟು, ಮಗಿಯನ್ನು ಒಳಗೆ ಒಯ್ದಳು.

ಅಮರಪ್ಪ ಮೊದಲು ಹೋದದ್ದು ಚಿಕ್ಕಬನ್ನಿಹಾಳಕ್ಕೇ. ಕುಕನೂರಿನ ಸಂತೆ ಮಂದಿ ಬಾಯಿ ತೆರೆದು ನಿಂತರು. ಯಲಬುರ್ಗಾ ದಾಟುವಾಗ ಅವನು ಒಬ್ಬನೇ ಜೋರಾಗಿ ನಕ್ಕುಬಿಟ್ಟ, ಯಾರಾದರೂ ನೋಡಿದರೇನೋ ಎಂದು ಆಚೀಚೆ ನೋಡಿದ. ಊರ ಅಗಸಿ ಬಾಗಿಲಲ್ಲಿ ಗಾಡಿ ನಿಂತಾಗ ಒಂದು ವಿಚಿತ್ರ ಆಯಿತು. ಯಾವ ಮಕ್ಕಳು ಅವನನ್ನು ಕಂಡು ಹಗೇವು ಸೇರುತ್ತಿದ್ದವೋ ಅವೇ ಮಕ್ಕಳು "ಫಟಫಟಿ ಬಂತು, ಫಟಫಟಿ ಬಂತು" ಎಂದು ಕುಣಿಯುತ್ತ ಓಡಿಬಂದು ಗಾಡಿಯನ್ನು ಮುತ್ತಿದವು. ತಾಯಂದಿರು ಕೂಗಿದರೂ ಕೇಳಲಿಲ್ಲ. ಅಮರಪ್ಪನಿಗೆ ಕಣ್ಣು ತುಂಬಿ ಬಂತು. ಈ ನೌಕರಿ ಸೇರಿದ ಮೇಲೆ ಮಕ್ಕಳು ತನ್ನ ಕಡೆಗೆ ಓಡಿಬಂದದ್ದು ಅದೇ ಮೊದಲು.

ಮಕ್ಕಳ ಹಿಂದೆ ತಾಯಂದಿರು ಬಂದರು. ಎಲ್ಲರ ಹಿಂದೆ ಯಂಕವ್ವ ಬಂದಳು. ಈಗ ಅವಳಿಗೆ ನಲವತ್ತರ ಹತ್ತಿರ, ಸೊಂಟದ ಮೇಲೆ ಮಗನ ಮಗಳು, ವರ್ಷದ ಕೂಸು.

"ಔಷಧ ಕೊಪ್ಪಳಾ ಯಾವಾಗ ಬಿಟ್ಟೈತ್ರಿ?" ಎಂದು ಕೇಳಿದಳು.

"ಇವತ್ತ ಮುಂಜಾನೆ ಕೊಪ್ಪಳದಾಗಿತ್ತು, ಈಗ ನಿಮ್ಮೂರಾಗ ಐತಿ. ಈ ಸಲ ಹಿಡೀತೈತವ್ವಾ, ನನ್ನ ಮಾತ ನಂಬು."

ಯಂಕವ್ವ ಬಹಳ ಹೊತ್ತು ಗಾಡಿಯನ್ನೇ ನೋಡಿದಳು. ಆಮೇಲೆ ಕೂಸಿನ ಎಡತೋಳು ಮುಂದೆ ಮಾಡಿದಳು. ಹೆಸರು ಏನು ಎಂದು ಅಮರಪ್ಪ ಪಟ್ಟಿ ಬರೆಯಲು ಕೇಳಿದ. "ಪಂಪಮ್ಮ," ಎಂದಳು. ತೀರಿಕೊಂಡವರ ಹೆಸರನ್ನು ಮನೆಯ ಕೂಸಿಗೆ ಇಡುವ ರೂಢಿ ಅವನಿಗೂ ಗೊತ್ತಿದ್ದದ್ದೇ, ಆದರೂ ಕೈ ಒಂದು ಗಳಿಗೆ ತಡೆಯಿತು. ಯಂಕವ್ವ ತೋಳು ಕೊಟ್ಟ ಮೇಲೆ ಯಾರೂ ಹಿಂಜರಿಯಲಿಲ್ಲ. ಹೊತ್ತು ನೆತ್ತಿಗೆ ಬರುವುದರೊಳಗೆ ಅರವತ್ತೆರಡು ಮಕ್ಕಳಿಗೆ ದೇವಿ ಹಾಕಿ ಮುಗಿಸಿ, ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಹೊಟ್ಟೆ ತುಂಬ ಉಂಡ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದವನ ಬಾಯಿ ನಿಲ್ಲಲೊಲ್ಲದು. ಹೆಂಡತಿಯ ಮುಂದೆ ಕುಕನೂರು ಹೇಳಿದ, ಯಲಬುರ್ಗಾ ಹೇಳಿದ, ಮಕ್ಕಳು ಕುಣಿದದ್ದು ಹೇಳಿದ.

"ಇನ್ನೊಂದ ಕೇಳಿಲ್ಲೆ," ಎಂದ. "ಮಧ್ಯಾಹ್ನ ಬುತ್ತಿ ಬಿಚ್ಚಿದ್ರ ರೊಟ್ಟಿ ಈಗ ಹಂಚಿನ ಮ್ಯಾಲಿಂದ ತಗದಂಗ ಬಿಸಿ! ಬೆಣ್ಣಿ ಕರಗಿ ತುಪ್ಪದಂಗ ರೊಟ್ಟ್ಯಾಗ ಇಳದಿತ್ತು. ಎಂಥಾ ಗಾಡಿ ಅಂತಿ!"

ಶೇಖರಮ್ಮ ನೀರಿನ ತಂಬಿಗೆ ಹಿಡಿದವಳು ಹಾಗೇ ನಿಂತಳು.

"ಔಷಧಾನೂ ಅದ ಡಬ್ಬ್ಯಾಗ ಇತ್ತಲ್ರಿ?"

ಅಮರಪ್ಪನಿಗೆ ಮೊದಲು ಸಿಟ್ಟು ಬಂತು. "ನಿನಗೇನ ತಿಳೀತೈತಿ? ಔಷಧ ಏನ್ ಬೆಣ್ಣಿ ಐತೇನು?" ಎಂದು ಗದರಿದ. ಗದರಿದ ದನಿ ಅವನಿಗೇ ಟೊಳ್ಳಾಗಿ ಕೇಳಿಸಿತು. ಮರುದಿನ ಮುಂಜಾನೆ ಡಬ್ಬಿಯಲ್ಲಿ ಒದ್ದೆ ಅರಿವೆಯ ನಡುವೆ ಒಂದು ಮುದ್ದೆ ಬೆಣ್ಣೆ ಇಟ್ಟುಕೊಂಡು ಹಿಟ್ನಾಳದ ತನಕ ಹೋಗಿ ಬಂದ. ಡಬ್ಬಿ ಮುಟ್ಟಿದರೆ ಕೈ ಚುರ್ ಎಂದಿತು. ಅರಿವೆ ಒಣಗಿತ್ತು, ಬೆಣ್ಣೆ ತಳದಲ್ಲಿ ಎಣ್ಣೆಯಾಗಿ ನಿಂತಿತ್ತು. ನಿನ್ನೆ ಮಕ್ಕಳ ಸಂಭ್ರಮದಲ್ಲಿ ಇದೊಂದೂ ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ. ತಟ್ಟು ಮೂರು ದಿನದಲ್ಲಿ ಮಾಡಿದ್ದನ್ನು ಈ ಗಾಡಿ ಮೂರು ತಾಸಿನಲ್ಲಿ ಮಾಡಿಬಿಟ್ಟಿತ್ತು. ಅಮರಪ್ಪ ಅಂಗಳದಲ್ಲಿ ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ಅಂದೇ ಹೈದರಾಬಾದಿಗೆ ತಾರು ಕಳಿಸಿದ. ಕೊಳವೆ ಒಡೆದವು, ಹೊಸವು ಬೇಕು ಎಂದು ಬರೆಸಿದ. ಸುಳ್ಳು ಅದು, ಆದರೆ ಖರೆ ಬರೆಯಲು ಕೈ ಬರಲಿಲ್ಲ. ಔಷಧ ಬರಲು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಕುಷ್ಟಗಿಯ ಕಡೆಯಿಂದ ಬಂದ ಗಾಡಿಯವರು ಸುದ್ದಿ ಹೇಳಿದರು: ಚಿಕ್ಕಬನ್ನಿಹಾಳದಿಂದ ಮೂರು ಮೈಲಿನ ಊರಲ್ಲಿ ಅಮ್ಮ ಬಂದಿದ್ದಾಳೆ, ಮನೆಮನೆಗೆ ಬೇವಿನ ತೊಪ್ಪಲು ಕಟ್ಟಿದ್ದಾರೆ. ಅಮರಪ್ಪ ಆ ವಾರ ದಿನವೂ ಸ್ಟೇಶನ್ನಿಗೆ ಹೋಗಿ ಔಷಧ ಬಂತೇ ಎಂದು ವಿಚಾರಿಸಿದ. ಒಂದಿಷ್ಟು ಔಷಧವಾದರೂ ಬದುಕಿರಬಹುದು, ಹತ್ತು ಮಕ್ಕಳಿಗಾದರೂ ಹಿಡಿದಿರಬಹುದು ಎಂದು ದಿನವೂ ತನಗೆ ತಾನೇ ಹೇಳಿಕೊಂಡ.

ಎಂಟನೆಯ ದಿನ ಶೇಖರಮ್ಮ ಕೇಳಲು ಹೋಗಲಿಲ್ಲ. ಮಗಿ ತುಂಬಿದಳು, ನೀರು ಹನಿಸಿದಳು, ಹೊಸ ಕೊಳವೆಗಳನ್ನು ಹುಗಿದಳು. ತನ್ನ ಹಳೆಯ ಸೀರೆ ಹರಿದು, ಕೂಸನ್ನು ಕಟ್ಟಿದ ಹಾಗೆ ಮಗಿಯನ್ನು ಗಂಡನ ಬೆನ್ನಿಗೆ ಬಿಗಿದು ಕಟ್ಟಿದಳು. "ಇಂಜಿನ್ನಿನ ಬಿಸಿ ಇಲ್ಲಿಗೆ ತಾಗಂಗಿಲ್ಲ. ಧಡಕಿ ಬಂದಲ್ಲೆ ಸಾವಕಾಶ ಹೋಗ್ರಿ," ಎಂದಳು. ಸರಕಾರಿ ರುಮಾಲು, ಮಿಲ್ಟ್ರಿ ಗಾಡಿ, ಬೆನ್ನಿಗೆ ಮಗಿ. ಓಣಿಯವರು ಬಿದ್ದು ಬಿದ್ದು ನಕ್ಕರು. ಅಮರಪ್ಪ ಯಾರ ಕಡೆಗೂ ನೋಡಲಿಲ್ಲ. ಕುಕನೂರಿನ ಬಾವಿಯಲ್ಲಿ ನೀರು ಹನಿಸಿದ, ಯಲಬುರ್ಗಾದ ಬಾವಿಯಲ್ಲಿ ಮತ್ತೆ ಹನಿಸಿದ.

ಚಿಕ್ಕಬನ್ನಿಹಾಳದಲ್ಲಿ ಮಕ್ಕಳು ಅಂದಿನಂತೆಯೇ ಓಡಿಬಂದವು. ಒಂದೊಂದೇ ತೋಳು ನೋಡುತ್ತ ಹೋದ. ಗೀರಿದ ಗೆರೆ ಒಣಗಿ ಉದುರಿತ್ತು, ಚರ್ಮ ನುಣ್ಣಗಿತ್ತು. ಅರವತ್ತೆರಡರಲ್ಲಿ ಒಂದಕ್ಕೂ ಗುಳ್ಳೆ ಎದ್ದಿರಲಿಲ್ಲ. ಪಕ್ಕದ ಊರಿನ ಸುದ್ದಿ ಇಲ್ಲಿಗೂ ಮುಟ್ಟಿತ್ತು, ಹೆಂಗಸರ ಮುಖ ಬಾಡಿದ್ದವು. ಅಮರಪ್ಪ ಬಾಯಿ ತೆರೆಯುವ ಮುಂಚೆ ಊರ ಗೌಡರೇ ಮಾತು ತೆಗೆದರು.

"ಯಾವಾಕಿನೋ ಮನ್ಯಾಗ ಒಗ್ಗರಣಿ ಹಾಕ್ಯಾಳ. ಇಲ್ಲಾಂದ್ರ ದೇವಿ ಯಾಕ ಹಿಡಿಯಂಗಿಲ್ಲ? ಯಾರು ಅಂತ ಬಾಯಿ ಬಿಡ್ರಿ."

ಹೆಂಗಸರಲ್ಲಿ ಗುಜುಗುಜು ಎದ್ದಿತು. ಕಣ್ಣುಗಳು ಮೆಲ್ಲಗೆ ಯಂಕವ್ವನ ಕಡೆಗೆ ತಿರುಗಿದವು. ಹಿಂದೊಮ್ಮೆ ಮಾಡಿದವಳು ಅವಳೇ ತಾನೆ? ಅಮರಪ್ಪನಿಗೆ ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಹೊಸ ಔಷಧ ಹಾಕಿ, ಪಥ್ಯ ಹಿಡಿಯಿರಿ ಎಂದು ಹೇಳಿ ಮರ್ಯಾದೆಯಿಂದ ಗಾಡಿ ಹತ್ತಬಹುದಿತ್ತು.

ಯಂಕವ್ವ ಕೂಸನ್ನು ಎದೆಗೆ ಒತ್ತಿಕೊಂಡು ಹೇಳಿದಳು: "ನಮ್ಮನ್ಯಾಗ ಹಾಕಿಲ್ರಿ ಗೌಡ್ರ. ನನ್ನ ಮಗಳು ಸತ್ತಾಗಿಂದ ಹಾಕೇ ಇಲ್ಲ. ಹದಿನಾರ ವರ್ಷ ಆತು, ನಮ್ಮನ್ಯಾಗ ಸಾಸಿವಿನ ತಂದಿಲ್ಲ. ಬೇಕಾದ್ರ ಸೊಸಿನ್ನ ಕೇಳ್ರಿ."

ಅಮರಪ್ಪ ಗಾಡಿಯನ್ನು ಹಿಡಿದುಕೊಂಡು ನಿಂತ.

"ಯಾರೂ ಏನೂ ತಪ್ಪ ಮಾಡಿಲ್ಲ," ಎಂದ. "ನಾನ ಮಾಡೀನಿ. ಈ ಡಬ್ಬಿ ಹೊಗಿ ಕೊಳವಿ ಮ್ಯಾಲ ಐತಿ ನೋಡ್ರಿ, ಕಾದು ಕೆಂಡ ಆಗತೈತಿ. ಔಷಧ ಇದರಾಗ ಬೆಂದು ಹೋಗಿತ್ತು. ಸತ್ತ ಔಷಧ ಹಾಕಿ ಹೋದೆ ನಾ."

ಯಂಕವ್ವ ಎರಡು ಹೆಜ್ಜೆ ಮುಂದೆ ಬಂದಳು.

"ಅವಾಗ್ರಿ?"

"ಅವಾಗೂ ಸತ್ತಿತ್ತವ್ವಾ. ದಾರ್ಯಾಗ ಒಣಗಿ ಸತ್ತಿತ್ತು. ಒಗ್ಗರಣಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನಿನ್ನಿಂದ ಏನೂ ಆಗಿಲ್ಲ."

"ನಿಮಗ ಯಾವಾಗ ಗೊತ್ತಾತ್ರಿ ಇದು?"

"ಮರುವರ್ಷ."

"ಮತ್ತ ಬಂದು ಒಂದ ಮಾತ ಹೇಳಬಾರದಾಗಿತ್ತೇನ್ರಿ ಸಾಹೇಬ್ರ? ಅತ್ತಿ ಸಾಯೂ ತನಕ ಮಗಳನ್ನ ತಿಂದಾಕಿ ಅಂತಿದ್ಲು ನನಗ."

ಅಮರಪ್ಪ ಅಷ್ಟು ಮಂದಿಯ ಮುಂದೆ, ರುಮಾಲಿನ ಸೆರಗು ಮುಖಕ್ಕೆ ಹಿಡಿದು ಅತ್ತುಬಿಟ್ಟ. ಗೌಡರು ಬೇರೆ ಕಡೆ ನೋಡಿದರು. ಯಂಕವ್ವ ಅಳಲಿಲ್ಲ, ಅವನಿಗೆ ಸಮಾಧಾನವನ್ನೂ ಹೇಳಲಿಲ್ಲ. ಅವನ ಬೆನ್ನ ಹಿಂದೆ ಬಂದು ಮಗಿಯೊಳಗೆ ಕೈ ಹಾಕಿದಳು. ಮರಳು ಎಷ್ಟು ತಂಪಾಗಿದೆ ಎಂದು ಬೆರಳಿಂದ ತಳದ ತನಕ ಕೆದಕಿ ನೋಡಿದಳು. ಆಮೇಲೆ ಎದುರಿಗೆ ಬಂದು ಕೂಸಿನ ಬಲತೋಳು ಮುಂದೆ ಹಿಡಿದಳು.

"ಹಾಕ್ರಿ," ಎಂದಳು.

ಬಾಕಿ ಅರವತ್ತೊಂದು ತೋಳುಗಳು ಅವಳ ಹಿಂದೆ ಬಂದವು. ಕೆಲವು ತಾಯಂದಿರು ಬೈದುಕೊಂಡೇ ತಂದರು, ಅಮರಪ್ಪ ಬೈಸಿಕೊಂಡೇ ಹಾಕಿದ. ಕೊಪ್ಪಳಕ್ಕೆ ಬಂದವನೇ ಡಬ್ಬಿಯನ್ನು ಕಿತ್ತು ಹಾಜಿಸಾಬನ ಅಂಗಡಿಯಲ್ಲಿ ಇಟ್ಟ. ಕೊಳವೆ ಒಡೆದಿರಲಿಲ್ಲ, ನನ್ನ ತಪ್ಪಿನಿಂದ ಕೆಟ್ಟವು ಎಂದು ಹೈದರಾಬಾದಿಗೆ ಕಾಗದ ಬರೆದ. ಅದಕ್ಕೆ ಅವನಿಗೆ ಎರಡು ವರ್ಷ ಬಡ್ತಿ ನಿಂತಿತು, ಆ ಮಾತು ಬೇರೆ.

ಮತ್ತೆ ಎಂಟು ದಿನಕ್ಕೆ ಹೋದಾಗ ಮಕ್ಕಳು ಗಾಡಿಯ ಹತ್ತಿರ ಬರಲಿಲ್ಲ. ಎರಡೂ ತೋಳು ಗೀರಿಸಿಕೊಂಡ ಮೇಲೆ ಫಟಫಟಿಯ ಸದ್ದು ಏನೆಂದು ಅವಕ್ಕೂ ತಿಳಿದಿತ್ತು. ದೊಡ್ಡವು ಹಗೇವು ಸೇರಿದ್ದವು. ಅಮರಪ್ಪನಿಗೆ ನೋವಾಯಿತು, ಆದರೆ ಹಗೇವಿನ ಬಾಯಿಯಲ್ಲೇ ಕೂತು ಒಬ್ಬೊಬ್ಬರನ್ನೇ ಹೊರಗೆ ಕರೆಸಿ ನೋಡಿದ. ಐವತ್ತೊಂಬತ್ತು ತೋಳುಗಳಲ್ಲಿ ಗುಳ್ಳೆ ಎದ್ದು ತುಂಬಿದ್ದವು. ಉಳಿದ ಮೂವರಿಗೆ ಮತ್ತೆ ಹಾಕಿದ. ಆ ವರ್ಷ ಅಮ್ಮ ಚಿಕ್ಕಬನ್ನಿಹಾಳದ ಒಳಗೆ ಬರಲಿಲ್ಲ.

ಕೊನೆಗೆ ಯಂಕವ್ವನ ಮನೆಗೆ ಹೋದ. ಕೂಸು ಹೊಸ್ತಿಲಲ್ಲಿ ಕೂತಿತ್ತು, ಬಲತೋಳಿನ ಮೇಲೆ ಅವರೆಕಾಳಿನಷ್ಟು ಗುಳ್ಳೆ. ಒಳಗಿಂದ ಸಾಸಿವೆ ಚಟಪಟ ಸಿಡಿಯುವ ಸದ್ದು ಬಂತು, ಹಿಂದೆಯೇ ಒಗ್ಗರಣೆಯ ಘಾಟು. ಪಕ್ಕದ ಮನೆಯ ಮುದುಕಿ ಎದೆ ಬಡಿದುಕೊಳ್ಳುತ್ತ ಓಡಿಬಂದಳು: "ಏ ಯಂಕವ್ವಾ, ಕೂಸಿನ ಮೈಮ್ಯಾಲ ದೇವಿ ಅದಾಳ! ನಿನಗೇನ ಬುದ್ಧಿ ಐತಿಲ್ಲ?"

"ಏನೂ ಆಗಂಗಿಲ್ಲ, ಸುಮ್ಮನ ಹೋಗವ್ವಾ," ಎಂದಳು ಯಂಕವ್ವ ಒಳಗಿಂದಲೇ.

ಅಮರಪ್ಪನನ್ನು ಕರೆದು ಮಣೆ ಹಾಕಿದಳು. ತಾಟಿನಲ್ಲಿ ರೊಟ್ಟಿ, ಒಗ್ಗರಣೆ ಹಾಕಿದ ಬೇಳೆ ಇಟ್ಟಳು. ಒಲೆಯ ಮುಂದೆ ಕೂತು, ಅವನ ಕಡೆ ನೋಡದೆ ಹೇಳಿದಳು:

"ನಮ್ಮ ಪಂಪಮ್ಮಗ ಸಾಸಿವಿ ಸಿಡಿಯೂ ಸಪ್ಪಳ ಭಾಳ ಸೇರತಿತ್ರಿ. ಕೈ ಬಡದ ನಗತಿತ್ತು. ಅವತ್ತ ಅದರ ಸಲುವಾಗೇ ನಾಕ ಕಾಳು ಜಾಸ್ತಿ ಹಾಕಿದ್ದೆ."

ಅಮರಪ್ಪ ತಾಟಿನ ಮೇಲೆ ತಲೆ ಬಗ್ಗಿಸಿದ. ಹಾಕಿದ್ದನ್ನೆಲ್ಲ ಒಂದು ಕಾಳೂ ಬಿಡದೆ ಉಂಡ.